ಸ್ಕ್ಯಾನ್‌ನಲ್ಲಿ ಕ್ಯಾನ್ಸರ್‌ನಂತೆ ಕಾಣುವ ನರಗಂಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಎಕ್ಸ್‌ರೇ, ಸಿಟಿ, ಎಂಆರ್‌ಐ ಓದುವುದು ನನ್ನ ಕೆಲಸ. ಮೈಮೇಲೆ ನರಗಂಟು ಇರುವವರು ಗದಗ, ಹಾವೇರಿ, ನವಲಗುಂದ, ಕಲಘಟಗಿ ಕಡೆಯಿಂದ ಬರುತ್ತಾರೆ. ಕೈಯಲ್ಲಿ ಒಂದು ರಿಪೋರ್ಟ್ ಇರುತ್ತದೆ. ಅದರಲ್ಲಿ 'ಗಡ್ಡೆ' ಎಂಬ ಒಂದು ಪದ ಇರುತ್ತದೆ. ಆ ಪದ ಓದಿದ ರಾತ್ರಿಯಿಂದ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ.

ಟೇಬಲ್ ಮುಂದೆ, ಕಾರಿಡಾರಿನಲ್ಲಿ, ಪತ್ರದಲ್ಲಿ, ವಾಟ್ಸಾಪಿನಲ್ಲಿ ಅವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಇದನ್ನು ಓದಿ ನಿಮ್ಮ ಫಿಲ್ಮಿಗೆ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ನಿಮ್ಮ ಡಾಕ್ಟರ ಹತ್ತಿರ ಏನು ಹೇಳಬೇಕು, ಏನು ಕೇಳಬೇಕು ಎನ್ನುವುದು ತಿಳಿಯಲಿ ಅಂತ ಬರೆದಿದ್ದೇನೆ.

## ಮೊದಲು ಕೇಳುವ ಪ್ರಶ್ನೆಗಳು

"ಮೈ ತುಂಬ ಗಂಟು ಅದಾವ್ರಿ ಡಾಕ್ಟ್ರ. ಇವೆಲ್ಲಾ ಕ್ಯಾನ್ಸರ್ ಗಡ್ಡಿ ಏನ್ರಿ?"

ಅಲ್ಲ. ಈ ಕಾಯಿಲೆಯ ಹೆಸರು ನ್ಯೂರೋಫೈಬ್ರೊಮಟೋಸಿಸ್. ಅದರಲ್ಲಿ ಜಾಸ್ತಿ ಕಾಣುವುದು ಒಂದನೇ ಬಗೆ, ಅದನ್ನು ಎನ್‌ಎಫ್ 1 ಅನ್ನುತ್ತೇವೆ. ಸುಮಾರು 3000 ಮಂದಿಗೆ ಒಬ್ಬರಲ್ಲಿ ಇರುತ್ತದೆ. ಚರ್ಮದ ಮೇಲೆ ಮೆತ್ತಗೆ ಎದ್ದಿರುವ ಗಂಟುಗಳು ಸಣ್ಣ ನರಗಳ ಹೊದಿಕೆಯಿಂದ ಬೆಳೆದವು. ಬೆರಳಿನಿಂದ ಒತ್ತಿದರೆ ಗುಂಡಿಯಂತೆ ಒಳಗೆ ಹೋಗುತ್ತವೆ, ಬಿಟ್ಟರೆ ಮತ್ತೆ ಮೇಲೆ ಬರುತ್ತವೆ. ಹತ್ತು ಇರಲಿ, ಸಾವಿರ ಇರಲಿ, ಚರ್ಮದ ಈ ಗಂಟುಗಳು ಕ್ಯಾನ್ಸರ್ ಆಗಿ ತಿರುಗುವುದಿಲ್ಲ ಅಂತಲೇ ತಿಳಿಯಿರಿ.

ಗಂಟಿನ ಜೊತೆಗೆ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣದ ಮಚ್ಚೆಗಳು ಇರುತ್ತವೆ. ಹರೆಯಕ್ಕೆ ಬರುವ ಮುಂಚೆ 5 ಮಿಲಿಮೀಟರಿಗಿಂತ, ಹರೆಯ ದಾಟಿದ ಮೇಲೆ 15 ಮಿಲಿಮೀಟರಿಗಿಂತ ದೊಡ್ಡ ಮಚ್ಚೆ 6 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಎನ್‌ಎಫ್ ಇರಬಹುದೇ ಅಂತ ನೋಡಬೇಕು. ಬಗಲಲ್ಲಿ, ತೊಡೆಸಂದಿಯಲ್ಲಿ ಎಳ್ಳು ಚೆಲ್ಲಿದಂತೆ ಚುಕ್ಕಿಗಳೂ ಇರುತ್ತವೆ. 1882ರಲ್ಲಿ ಜರ್ಮನಿಯ ಫ್ರೆಡ್ರಿಕ್ ಫಾನ್ ರೆಕ್ಲಿಂಗ್‌ಹೌಸೆನ್ ಇದನ್ನು ವಿವರವಾಗಿ ಬರೆದರು. ಹಾಗಾಗಿ ಹಳೇ ಚೀಟಿಗಳಲ್ಲಿ ಅವರ ಹೆಸರಿನಿಂದಲೇ ಈ ಕಾಯಿಲೆಯನ್ನು ಬರೆದಿರುತ್ತಾರೆ.

ಆಳದಲ್ಲಿ ದೊಡ್ಡ ನರಗಳ ಉದ್ದಕ್ಕೂ ಬೆಳೆಯುವ ಇನ್ನೊಂದು ಜಾತಿಯ ಗಂಟು ಇದೆ. ಅದಕ್ಕೆ ಪ್ಲೆಕ್ಸಿಫಾರ್ಮ್ ಅನ್ನುತ್ತಾರೆ. ಕ್ಯಾನ್ಸರ್ ಬರುವುದಾದರೆ ಹೆಚ್ಚಾಗಿ ಅದರಲ್ಲಿ. ಇಡೀ ಜೀವಮಾನದಲ್ಲಿ ಎನ್‌ಎಫ್ 1 ಇರುವ ನೂರು ಮಂದಿಯಲ್ಲಿ 8ರಿಂದ 13 ಮಂದಿಗೆ ನರದ ಕ್ಯಾನ್ಸರ್ ಬರುತ್ತದೆ. ಇದು ಸಣ್ಣ ಸಂಖ್ಯೆ ಏನಲ್ಲ, ನಾನು ಮುಚ್ಚಿಡುವುದಿಲ್ಲ. ಆದರೆ ಉಳಿದವರೇ ಜಾಸ್ತಿ ಅನ್ನುವುದನ್ನೂ ಮರೆಯಬೇಡಿ.

"ಇದು ಹತ್ತತೈತೇನ್ರಿ? ನಮ್ಮ ಮನಿತನದಾಗ ಯಾರಿಗೂ ಇಲ್ಲ ನೋಡ್ರಿ."

ಮುಟ್ಟಿದರೆ, ಜೊತೆಗೆ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಹತ್ತುವುದಿಲ್ಲ. 17ನೇ ಕ್ರೋಮೋಸೋಮಿನ ಒಂದು ಜೀನ್ ಕೆಟ್ಟು ಬರುವ ಕಾಯಿಲೆ ಇದು. ಸುಮಾರು ಅರ್ಧದಷ್ಟು ಮಂದಿಗೆ ಮನೆತನದಲ್ಲಿ ಯಾರಿಗೂ ಇರದೆ ಹೊಸದಾಗಿ ಬಂದಿರುತ್ತದೆ. ತಾಯಿಯ ತಪ್ಪಲ್ಲ, ಗ್ರಹಣ ನೋಡಿದ್ದರಿಂದ ಬಂದದ್ದೂ ಅಲ್ಲ. ಇರುವವರಿಗೆ ಮಕ್ಕಳಾದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

"ಎನ್‌ಎಫ್ 1, ಎನ್‌ಎಫ್ 2 ಎರಡೂ ಒಂದೇನಾ?"

ಬೇರೆ ಬೇರೆ. ಎರಡನೆಯದು 22ನೇ ಕ್ರೋಮೋಸೋಮಿನದು. ಅದರಲ್ಲಿ ಎರಡೂ ಕಿವಿಯ ನರಗಳಲ್ಲಿ ಗಡ್ಡೆ ಬರುತ್ತದೆ. 2022ರಲ್ಲಿ ಅದರ ಹೆಸರನ್ನೇ ಬದಲಿಸಿ ಶ್ವಾನೊಮಟೋಸಿಸ್ ಗುಂಪಿಗೆ ಸೇರಿಸಿದರು. ಇಲ್ಲಿ ನಾನು ಹೇಳುತ್ತಿರುವುದೆಲ್ಲ ಎನ್‌ಎಫ್ 1ರ ಮಾತು.

"ಸ್ಕ್ಯಾನಿಂಗ್‌ಗೆ ಹೋದಾಗ ಈ ಬ್ಯಾನಿ ಐತಿ ಅಂತ ನಾವ ಹೇಳಬೇಕೇನ್ರಿ? ಅವರಿಗೆ ಗೊತ್ತಾಗೂದಿಲ್ಲೇನ?"

ಹೇಳಲೇಬೇಕು. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳಿ ಅಂದರೆ ಇದನ್ನೇ ಹೇಳುತ್ತೇನೆ.

ಫಿಲ್ಮ್ ಓದುವವರು ಬಹಳ ಸಲ ನಿಮ್ಮನ್ನು ನೋಡಿಯೇ ಇರುವುದಿಲ್ಲ. ನೀವು ಬಟ್ಟೆ ಬದಲಿಸಿ ಮಷಿನ್ ಒಳಗೆ ಹೋಗುತ್ತೀರಿ, ಚಿತ್ರಗಳು ಮಾತ್ರ ಪಕ್ಕದ ಕೋಣೆಗೆ ಬರುತ್ತವೆ. ಜೊತೆಗೆ ಬರುವುದು ಒಂದು ಸಣ್ಣ ಚೀಟಿ. ಅದರಲ್ಲಿ 'ಸಿಟಿ ಎದೆ, ಗಡ್ಡೆ?' ಅಂತ ಇಷ್ಟೇ ಇರುತ್ತದೆ. ಕಾಯಿಲೆಯ ವಿವರ ಬರೆಯುವ ಜಾಗ ಖಾಲಿ. ಎನ್‌ಎಫ್ ಗೊತ್ತಿಲ್ಲದೆ ಓದಿದರೆ ಒಂದು ನೆರಳು ಕ್ಯಾನ್ಸರ್ ಅನ್ನಿಸುತ್ತದೆ. ಗೊತ್ತಿದ್ದು ಓದಿದರೆ ಅದೇ ನೆರಳಿಗೆ ಬೇರೆ ಹೆಸರು. ನಾನೇ ಹಾಗೆ ತಪ್ಪು ಓದಿದ್ದೇನೆ. ವಾರ್ಡಿನಿಂದ ಫೋನ್ ಬಂದು, ಮೈಮೇಲಿನ ಗಂಟಿನ ವಿಷಯ ಕೇಳಿ, ರಿಪೋರ್ಟನ್ನು ವಾಪಸ್ ತರಿಸಿ ತಿದ್ದಿದ್ದೇನೆ. ಆ ನಡುವಿನ ಎರಡು ದಿನ ಆ ಮನೆಯವರು ಹೇಗೆ ಕಳೆದಿರಬೇಕು ಅಂತ ಈಗಲೂ ನೆನಪಾಗುತ್ತದೆ.

ಹಾಗಾಗಿ ಒಂದು ಬಿಳಿ ಹಾಳೆಯ ಮೇಲೆ 'ನನಗೆ ಎನ್‌ಎಫ್ 1 ಇದೆ' ಅಂತ ಕನ್ನಡದಲ್ಲೇ ಬರೆದು ಫೈಲಿಗೆ ಮೊದಲ ಪುಟವಾಗಿ ಸೇರಿಸಿ. ಫೋಟೋ ತೆಗೆಯುವ ಹುಡುಗರಿಗೂ ಬಾಯಿಬಿಟ್ಟು ಹೇಳಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

"ಎಕ್ಸ್‌ರೇದಾಗ ಪುಪ್ಪಸದ ತುಂಬ ಗಡ್ಡಿ ಹರಡ್ಯಾವ ಅಂತ ಬರದಾರ್ರಿ. ಕೆಮ್ಮಿಲ್ಲ, ಏನಿಲ್ಲ. ಹೆಂಗ್ರಿ ಇದು?"

ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಕೆಲಸ ಮಾಡುವ ಒಬ್ಬರು ಕೇಳಿದ್ದು ಇದು. ಎಕ್ಸ್‌ರೇಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಬಂದಿದ್ದರು. ಬಿಡಿಸಿ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಐದು ದುಂಡಗಿನ ನೆರಳು, ಕಡಲೆಕಾಳಿನಷ್ಟು. ಬೇರೆ ಎಲ್ಲಿಂದಲೋ ಕ್ಯಾನ್ಸರ್ ಹರಡಿದರೆ ಥೇಟ್ ಹೀಗೇ ಕಾಣುತ್ತದೆ.

ಅಂಗಿ ತೆಗೆಯಲು ಹೇಳಿದೆ. ಎದೆ, ಬೆನ್ನು ತುಂಬ ಗಂಟು. ತೆಳ್ಳನೆಯ ತಂತಿಯನ್ನು ಸುತ್ತಿ ಪುಟ್ಟ ಉಂಗುರ ಮಾಡಿ, ದೊಡ್ಡ ಗಂಟುಗಳ ಸುತ್ತ ಒಂದೊಂದಾಗಿ ಪ್ಲಾಸ್ಟರ್‌ನಿಂದ ಅಂಟಿಸಿದೆವು. ಮತ್ತೆ ಎಕ್ಸ್‌ರೇ ತೆಗೆಸಿದೆವು. ಐದರಲ್ಲಿ ನಾಲ್ಕು ನೆರಳು ಸರಿಯಾಗಿ ಉಂಗುರದೊಳಗೆ ಬಿದ್ದಿದ್ದವು. ಅಂದರೆ ಅವು ಪುಪ್ಪಸದಲ್ಲಿ ಇರಲೇ ಇಲ್ಲ, ಚರ್ಮದ ಮೇಲಿದ್ದವು. ಎಕ್ಸ್‌ರೇ ಅಂದರೆ ಮುಂದಿನದು, ಹಿಂದಿನದು, ನಡುವಿನದು ಎಲ್ಲ ಒಂದೇ ಹಾಳೆಯ ಮೇಲೆ ಬೀಳುವ ನೆರಳು. ಚರ್ಮದ ಗಂಟಿನ ಸುತ್ತ ಗಾಳಿ ಇರುವುದರಿಂದ ಅದರ ಅಂಚು ಎದ್ದು ಕಾಣುತ್ತದೆ. ಹಾಗಾಗಿ ಒಳಗಿನ ಗಂಟು ಅಂತ ಮೋಸ ಹೋಗುತ್ತೇವೆ.

ಐದನೆಯದು ಯಾವ ಉಂಗುರದೊಳಗೂ ಇರಲಿಲ್ಲ. ಅದಕ್ಕೆ ಸಿಟಿ ಮಾಡಿಸಿದೆವು. ಪಕ್ಕೆಲುಬಿನ ಕೆಳಗೆ ಓಡುವ ನರದ ಮೇಲೆ ಕೂತ ಗಂಟು ಅದು, ಪುಪ್ಪಸಕ್ಕೆ ಸಂಬಂಧವಿಲ್ಲ. ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ: "ನಾಳಿ ಚೀಲ ಹೊರಾಕ ಹೋಗಬಹುದೇನ್ರಿ?"

"ಎದಿ ಮಮೊಗ್ರಾಮ್ ತೆಗೆದ್ರು, ಗಂಟು ಕಾಣತೈತಿ ಅಂದ್ರು. ಚರ್ಮದ್ದೋ, ಒಳಗಿಂದೋ ತಿಳಿಯದಂಗ ಆಗೇತ್ರಿ."

ಅವ್ವಾ, ಇಲ್ಲೂ ಅದೇ ಉಪಾಯ ಇದೆ. ಚರ್ಮದ ಗಂಟುಗಳ ಮೇಲೆ ಸಣ್ಣ ಲೋಹದ ಗುರುತು ಅಂಟಿಸಿ ಮಮೊಗ್ರಾಮ್ ತೆಗೆದರೆ ಯಾವುದು ಹೊರಗಿನದು ಅಂತ ಗೊತ್ತಾಗುತ್ತದೆ. ಹಾಗೆ ಅಂಟಿಸಿ ಅಂತ ನೀವೇ ಕೇಳಬಹುದು.

ಆದರೆ ಇಲ್ಲಿ ಒಂದು ಎಚ್ಚರಿಕೆ. "ನನಗೆ ಹೇಗೂ ಗಂಟು ಇವೆಯಲ್ಲ" ಅಂತ ಸುಮ್ನೆ ಇರಬೇಡಿ. ಎನ್‌ಎಫ್ 1 ಇರುವ ಹೆಂಗಸರಿಗೆ, ಅದರಲ್ಲೂ 50 ವರ್ಷದ ಒಳಗೆ, ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಅದಕ್ಕೇ 30ನೇ ವರ್ಷದಿಂದಲೇ ವರ್ಷಕ್ಕೊಮ್ಮೆ ಮಮೊಗ್ರಾಮ್ ಶುರು ಮಾಡಲು ಹೇಳುತ್ತಾರೆ. ಚರ್ಮದ ಗಂಟು ಚರ್ಮದ ಜೊತೆ ಸರಿಯುತ್ತದೆ. ಒಳಗೆ ಗಟ್ಟಿಯಾಗಿ ಸಿಕ್ಕುವ ಹೊಸ ಗಂಟು ಬೇರೆ, ಅದನ್ನು ತೋರಿಸಲೇಬೇಕು.

## ತಲೆ, ಬೆನ್ನು, ಎಲುಬು, ಹೊಟ್ಟೆ

"ಮಗನ ತಲಿ ಎಂಆರ್‌ಐದಾಗ ಬಿಳಿ ಬಿಳಿ ಚುಕ್ಕಿ ಅದಾವ್ರಿ. ಬ್ರೇನ್ ಟ್ಯೂಮರ್ ಅಂತ ನಮ್ಮ ತಮ್ಮ ಮೊಬೈಲ್‌ನ್ಯಾಗ ನೋಡಿ ಹೇಳ್ದ."

ಮಕ್ಕಳ ತಂದೆತಾಯಿ ಅತಿ ಹೆಚ್ಚು ಹೆದರುವುದು ಇದಕ್ಕೆ. ಹೆದರಬೇಕಾದ ಅಗತ್ಯ ತೀರಾ ಕಡಿಮೆ ಇರುವುದೂ ಇದಕ್ಕೇ.

ಎನ್‌ಎಫ್ 1 ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮೆದುಳಿನಲ್ಲಿ ಈ ಚುಕ್ಕಿಗಳು ಕಾಣುತ್ತವೆ. ಬಹಳ ವರ್ಷ ಇವಕ್ಕೆ 'ಏನೆಂದು ತಿಳಿಯದ ಬಿಳಿ ವಸ್ತು' ಅನ್ನುವ ಅರ್ಥದ ಹೆಸರೇ ಇತ್ತು. ನರದ ತಂತುಗಳಿಗೆ ಮೈಲಿನ್ ಎಂಬ ಹೊದಿಕೆ ಇರುತ್ತದೆ, ವೈರಿನ ಮೇಲೆ ಪ್ಲಾಸ್ಟಿಕ್ ಇದ್ದಂತೆ. ಆ ಹೊದಿಕೆಯ ಪದರಗಳ ನಡುವೆ ನೀರು ತುಂಬಿದ ಸಣ್ಣ ಗುಳ್ಳೆಗಳಾದಾಗ ಎಂಆರ್‌ಐನಲ್ಲಿ ಬಿಳಿಯಾಗಿ ಹೊಳೆಯುತ್ತದೆ. ಗಡ್ಡೆ ಅಲ್ಲ.

ಇವು ಸುಮಾರು 3 ವರ್ಷದ ಹೊತ್ತಿಗೆ ಕಾಣಿಸಿಕೊಳ್ಳುತ್ತವೆ. 10-12 ವರ್ಷದವರೆಗೆ ಹೆಚ್ಚಾಗಬಹುದು. ಆಮೇಲೆ ತಾವಾಗಿಯೇ ಮಾಸುತ್ತಾ ಹೋಗುತ್ತವೆ, ದೊಡ್ಡವರಲ್ಲಿ ಅಪರೂಪ. ಇರುವ ಜಾಗವೂ ಹೆಚ್ಚುಕಡಿಮೆ ಗೊತ್ತಿರುವಂಥದ್ದೇ: ಮೆದುಳಿನ ನಡುಭಾಗದ ಗ್ಲೋಬಸ್ ಪ್ಯಾಲಿಡಸ್, ಥಲಾಮಸ್, ಮೆದುಳಿನ ಕಾಂಡ, ಹಿಂಬದಿಯ ಚಿಕ್ಕಮೆದುಳು.

ನಾವು ನೋಡುವುದು ಮೂರು ಸಂಗತಿ. ಪಕ್ಕದ ಮೆದುಳನ್ನು ಒತ್ತಿದೆಯಾ? ಕಾಂಟ್ರಾಸ್ಟ್ ಇಂಜೆಕ್ಷನ್, ಅಂದರೆ ಚಿತ್ರ ಎದ್ದು ಕಾಣಲು ಕೊಡುವ ಔಷಧಿ, ಕೊಟ್ಟಾಗ ಹೊಳೆಯುತ್ತಾ? ಸುತ್ತ ಊತ ಇದೆಯಾ? ಮೂರಕ್ಕೂ 'ಇಲ್ಲ' ಅಂತ ಉತ್ತರ ಬಂದರೆ ಮನೆಗೆ ಹೋಗಿ, ಮಗುವನ್ನು ಶಾಲೆಗೆ ಕಳಿಸಿ. ಒಂದಕ್ಕೆ 'ಹೌದು' ಬಂದರೂ, ಅಥವಾ ಹನ್ನೆರಡು ವರ್ಷ ದಾಟಿದ ಮೇಲೂ ಚುಕ್ಕಿ ಬೆಳೆಯುತ್ತಾ ಹೋದರೆ, ಕೆಲವು ತಿಂಗಳು ಬಿಟ್ಟು ಮತ್ತೆ ಎಂಆರ್‌ಐ ಮಾಡಿ ಹೋಲಿಸುತ್ತೇವೆ.

"ಕಣ್ಣಿನ ನರ ದಪ್ಪ ಆಗೇತಿ ಅಂತ್ರಿ. ಆಪರೇಷನ್ ಮಾಡಿಸದಿದ್ರ ಕಣ್ಣು ಹೋಗತೈತೇನ್ರಿ?"

ಇದು ಗಡ್ಡೆಯೇ, ಗ್ಲಯೋಮಾ ಅನ್ನುತ್ತಾರೆ. ಆದರೆ ಬಹುತೇಕ ಅತಿ ಕೆಳಗಿನ ದರ್ಜೆಯದು, ಅಂದರೆ ನಿಧಾನವಾಗಿ ಬೆಳೆಯುವಂಥದ್ದು. ಎನ್‌ಎಫ್ 1 ಇರುವ ನೂರು ಮಕ್ಕಳಲ್ಲಿ 15-20 ಮಕ್ಕಳಿಗೆ ಬರುತ್ತದೆ, ಹೆಚ್ಚಾಗಿ 6-7 ವರ್ಷದ ಒಳಗೆ. ಅವರಲ್ಲಿ ಎಷ್ಟೋ ಮಕ್ಕಳಿಗೆ ಯಾವ ಚಿಕಿತ್ಸೆಯೂ ಬೇಕಾಗುವುದಿಲ್ಲ. ಕೆಲವು ತಾವಾಗಿಯೇ ಕುಗ್ಗುತ್ತವೆ.

ಸಾಮಾನ್ಯವಾಗಿ ಬಯಾಪ್ಸಿ, ಅಂದರೆ ತುಣುಕು ತೆಗೆದು ಪರೀಕ್ಷೆ, ಮಾಡುವುದಿಲ್ಲ, ಏಕೆಂದರೆ ಸೂಜಿಯೇ ಕಣ್ಣಿನ ನರಕ್ಕೆ ಪೆಟ್ಟು ಮಾಡಬಹುದು. ಎಂಆರ್‌ಐಗಿಂತ ಇಲ್ಲಿ ಕಣ್ಣಿನ ಪರೀಕ್ಷೆ ದೊಡ್ಡದು. ದೃಷ್ಟಿ ಚೆನ್ನಾಗಿದ್ದರೆ ಕಾಯುತ್ತೇವೆ. ದೃಷ್ಟಿ ಇಳಿಯತೊಡಗಿದರೆ ಔಷಧಿ ಶುರು ಮಾಡುತ್ತಾರೆ. ಕರೆಂಟ್ ಕೊಡುವುದು, ಅಂದರೆ ರೇಡಿಯೇಶನ್ ಚಿಕಿತ್ಸೆ, ಎನ್‌ಎಫ್ ಇರುವ ಮಕ್ಕಳಿಗೆ ಆದಷ್ಟು ಬೇಡ. ಮುಂದೆ ಬೇರೆ ಗಡ್ಡೆ ಬರುವ ಭಯ ಅವರಿಗೆ ಜಾಸ್ತಿ.

"ಕಣ್ಣಿನ ಹಿಂದಿನ ಎಲುಬನ್ನ ಗಡ್ಡಿ ತಿಂದೈತಿ ಅಂದಾರ್ರಿ. ಕಣ್ಣು ಹೊರಗ ಬಂದಂಗ ಕಾಣತೈತಿ."

ಸ್ಫೀನಾಯ್ಡ್ ಎಂಬ ಎಲುಬಿನ ರೆಕ್ಕೆ ಕೆಲವರಲ್ಲಿ ಸರಿಯಾಗಿ ಬೆಳೆದಿರುವುದಿಲ್ಲ. ಎಕ್ಸ್‌ರೇಯಲ್ಲಿ ಕಣ್ಣಿನ ಗೂಡು ಬರಿದಾದಂತೆ ಕಾಣುತ್ತದೆ. ಎಲುಬು ತಿನ್ನುವ ಕ್ಯಾನ್ಸರ್ ಅನ್ನಿಸುವುದು ಸಹಜ. ಎಲುಬಿನ ಗೋಡೆ ಇಲ್ಲದ್ದರಿಂದ ಮೆದುಳಿನ ಮಿಡಿತ ಕಣ್ಣಿಗೆ ಬಡಿದು, ಕಣ್ಣುಗುಡ್ಡೆ ನಾಡಿಯಂತೆ ಮೆಲ್ಲಗೆ ಮಿಡಿಯುವುದನ್ನು ಕೆಲವರಲ್ಲಿ ಬರಿಗಣ್ಣಿನಿಂದಲೇ ನೋಡಬಹುದು. ರೆಪ್ಪೆಯಲ್ಲಿ ಪ್ಲೆಕ್ಸಿಫಾರ್ಮ್ ಗಂಟೂ ಜೊತೆಗಿರಬಹುದು. ಸಿಟಿ, ಎಂಆರ್‌ಐ ಎರಡನ್ನೂ ಜೊತೆಗಿಟ್ಟು ಓದಬೇಕು.

"ಎದಿಯೊಳಗ ಬೆನ್ನಿನ ಬಾಜೂಕ ದೊಡ್ಡ ಗಡ್ಡಿ ಐತ್ರಿ. ನಾಳೆ ಸೂಜಿ ಹಾಕಿ ಪೀಸ್ ತೆಗಿತೀವಿ ಅಂದಾರ."

ಸೂಜಿ ಹಾಕುವ ಮುಂಚೆ ಎಂಆರ್‌ಐ ಆಗಿದೆಯಾ ಅಂತ ಕೇಳಿ. ಆಗಿಲ್ಲದಿದ್ದರೆ ನಾಳೆಯ ಸೂಜಿ ನಿಲ್ಲಲಿ.

ಕಾರಣ ಹೇಳುತ್ತೇನೆ. ಮೆದುಳು, ಬೆನ್ನುಹುರಿಯ ಸುತ್ತ ತಿಳಿನೀರು ಇರುತ್ತದೆ. ಅದನ್ನು ಡ್ಯೂರಾ ಎಂಬ ಚೀಲ ಹಿಡಿದಿಟ್ಟಿರುತ್ತದೆ. ಎನ್‌ಎಫ್ 1ರಲ್ಲಿ ಈ ಚೀಲ ಸಡಿಲವಾಗುತ್ತದೆ. ವರ್ಷಗಟ್ಟಲೆ ನೀರಿನ ಮಿಡಿತ ಬಡಿದೂ ಬಡಿದೂ ಬೆನ್ನೆಲುಬಿನ ಹಿಂಬದಿ ತಗ್ಗು ಬೀಳುತ್ತದೆ, ನರ ಹೊರಬರುವ ಕಿಂಡಿ ಅಗಲವಾಗುತ್ತದೆ. ಆ ಕಿಂಡಿಯಿಂದ ಚೀಲ ಬಲೂನಿನಂತೆ ಎದೆಯೊಳಗೆ ಹೊರಚಾಚುತ್ತದೆ. ಇದಕ್ಕೆ ಮೆನಿಂಗೊಸೀಲ್ ಅನ್ನುತ್ತಾರೆ. ಬೆನ್ನು ವಾಲಿದ್ದರೆ, ಉಬ್ಬಿದ ಕಡೆಗೇ ಜಾಸ್ತಿ. ಎಕ್ಸ್‌ರೇಯಲ್ಲಿ ಇದು ನಯವಾದ ಅಂಚಿನ ದೊಡ್ಡ ಗಡ್ಡೆ. ಒಳಗೆ ಇರುವುದು ನೀರು ಮಾತ್ರ.

ಅದಕ್ಕೆ ಸೂಜಿ ಚುಚ್ಚಿದರೆ ಬೆನ್ನುಹುರಿಯ ನೀರು ಸೋರುತ್ತದೆ. ವಿಪರೀತ ತಲೆನೋವು ಬರಬಹುದು, ಸೋಂಕು ಸೇರಿದರೆ ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಉರಿಯೂತ, ಆಗಬಹುದು.

ಸಿಟಿಯೊಂದರಿಂದಲೇ ತೀರ್ಮಾನ ಕಷ್ಟ. ನರದ ಗಂಟಿನಲ್ಲಿ ಲೋಳೆ ಅಂಶ ಜಾಸ್ತಿ ಇರುವುದರಿಂದ ಸಿಟಿಯಲ್ಲಿ ಅದೂ ನೀರಿನ ಹತ್ತಿರದ ಬಣ್ಣವೇ ಕೊಡುತ್ತದೆ. ಎಂಆರ್‌ಐನಲ್ಲಿ ಮಾತ್ರ ಎರಡೂ ಬೇರೆಯಾಗುತ್ತವೆ. ಮೆನಿಂಗೊಸೀಲ್ ಎಲ್ಲ ಚಿತ್ರಗಳಲ್ಲೂ ಬೆನ್ನುಹುರಿಯ ನೀರಿನ ಬಣ್ಣವನ್ನೇ ತೋರಿಸುತ್ತದೆ, ಕಾಂಟ್ರಾಸ್ಟ್ ಹಿಡಿಯುವುದಿಲ್ಲ, ಅದರ ಕುತ್ತಿಗೆ ಕಿಂಡಿಯ ಮೂಲಕ ಒಳಗಿನ ಚೀಲಕ್ಕೆ ಸೇರಿರುವುದು ಕಾಣುತ್ತದೆ.

ರೋಣದ ಕಡೆಯ ಒಬ್ಬ ಹೆಣ್ಣುಮಗಳಿಗೆ ಸೂಜಿಯ ದಿನವೂ ಗೊತ್ತಾಗಿತ್ತು. ಅವರ ಎಂಆರ್‌ಐ ಪರದೆಯ ಮೇಲೆ ಬಂದಾಗ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಎದೆಯೊಳಗಿನ ಆ ಗಡ್ಡೆ ಬೆನ್ನುಹುರಿಯ ನೀರಿನಷ್ಟೇ ಬೆಳ್ಳಗಿತ್ತು. ಸೂಜಿ ರದ್ದಾಯಿತು. ತೊಂದರೆ ಕೊಡದಿದ್ದರೆ ಅದನ್ನು ಹಾಗೇ ಬಿಟ್ಟು ನೋಡುತ್ತಾರೆ.

"ಮೊಣಕಾಲ ಎಲುಬಿನ್ಯಾಗ ತೂತು ಬಿದ್ದಾವಂತ, ಪಕ್ಕಡಿ ಎಲುಬೂ ಸವದಾವಂತ. ಕ್ಯಾನ್ಸರ್ ಎಲುಬಿಗೆ ಇಳದೈತೇನ್ರಿ?"

ಮೊಣಕಾಲಿನ ಮೇಲೆ ಕೆಳಗೆ, ಎಲುಬಿನ ಒಂದು ಬದಿಗೆ, ಸುತ್ತ ತೆಳ್ಳನೆ ಬಿಳಿ ಗೆರೆ ಇರುವ ತೂತುಗಳು ಹೆಚ್ಚಾಗಿ ನಾರಿನ ಗಂಟುಗಳು, ಅಪಾಯದವಲ್ಲ. ದೊಡ್ಡದಿದ್ದರೆ ಎಲುಬು ಮುರಿಯಬಹುದು, ಅದಷ್ಟೇ ನೋಡಿಕೊಳ್ಳಬೇಕು. ಪಕ್ಕೆಲುಬು ತಿರುಚಿದ ರಿಬ್ಬನ್‌ನಂತೆ ತೆಳ್ಳಗಾಗುವುದೂ ಎನ್‌ಎಫ್‌ನದೇ ಗುಣ.

"ಕುತ್ತಿಗಿ ಎರಡೂ ಕಡಿ ಗಂಟು. ಟಿಬಿ ಗುಳಿಗಿ ನುಂಗಿ ಆರು ತಿಂಗಳಾತು, ಗಂಟು ಹಂಗ ಅದಾವ."

ನಮ್ಮ ಕಡೆ ಕುತ್ತಿಗೆಯ ಗಂಟು ಅಂದರೆ ಮೊದಲು ಟಿಬಿ ನೆನಪಾಗುತ್ತದೆ. ಹಾಗೆ ನೆನಪಾಗುವುದು ತಪ್ಪಲ್ಲ, ಟಿಬಿ ನಮ್ಮಲ್ಲಿ ಬಹಳ. ಎರಡನೆಯದು ಲಿಂಫೋಮಾ, ಅಂದರೆ ಗ್ರಂಥಿಗಳ ಕ್ಯಾನ್ಸರ್‌ನ ಭಯ. ಆದರೆ ಕುತ್ತಿಗೆಯಲ್ಲಿ ದೊಡ್ಡ ನರಗಳೂ ಇವೆ. ಅವುಗಳ ಮೇಲೆ ಸಾಲಾಗಿ ಗಂಟು ಬೆಳೆದರೆ, ಕೈಗೆ ಗ್ರಂಥಿಯಂತೆಯೇ ಸಿಗುತ್ತವೆ.

ಒಂದು ಸುಳಿವು ಹೇಳುತ್ತೇನೆ. ನರದ ಗಂಟು ಅಕ್ಕಪಕ್ಕಕ್ಕೆ ಸರಿಯುತ್ತದೆ, ಮೇಲೆ ಕೆಳಗೆ ಸರಿಯುವುದಿಲ್ಲ, ಏಕೆಂದರೆ ನರದ ದಾರದಲ್ಲಿ ಪೋಣಿಸಿದಂತೆ ಇರುತ್ತದೆ. ಬೆರಳಿನಿಂದ ತಟ್ಟಿದರೆ ಕೈಗೋ ಭುಜಕ್ಕೋ ಜುಮ್ಮೆನ್ನಬಹುದು. ಸೂಜಿ ಟೆಸ್ಟ್ ಮಾಡಿದಾಗ ಕರೆಂಟ್ ಹೊಡೆದಂತೆ ನೋವಾಯಿತು ಅಂದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಗುಳಿಗೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಎನ್‌ಎಫ್ ಇದ್ದವರಿಗೂ ಟಿಬಿ ಬರುತ್ತದೆ.

"ಹೊಟ್ಟಿ ಸಿಟಿದಾಗ ಗ್ರಂಥಿ ಊದ್ಯಾವ ಅಂದ್ರು. ನವನಗರಕ್ಕ ತೋರ್ಸ್ರಿ ಅಂದ್ರು. ಕೈಕಾಲ ನಡಗಿದ್ವು."

ನವನಗರ ಅಂದರೆ ಕ್ಯಾನ್ಸರ್ ಆಸ್ಪತ್ರೆ ಇರುವ ಜಾಗ, ಹೆದರಿಕೆ ಆಗುವುದು ಸಹಜ. ಬೆನ್ನಿನ ಎರಡೂ ಬದಿ, ಸೋಯಸ್ ಎಂಬ ಸ್ನಾಯುವಿನ ಗುಂಟ, ಸೊಂಟದೊಳಗೆ ಇಳಿಯುವ ನರಗಳ ಮೇಲೆ ಪ್ಲೆಕ್ಸಿಫಾರ್ಮ್ ಗಂಟು ಬೆಳೆದರೆ ಊದಿದ ಗ್ರಂಥಿಗಳ ಸಾಲಿನಂತೆ ಕಾಣುತ್ತದೆ. ಎರಡೂ ಕಡೆ ಒಂದೇ ತರಹ ಇದ್ದು, ಸಿಟಿಯಲ್ಲಿ ಸ್ನಾಯುಗಿಂತ ಕಪ್ಪಗೆ ಕಂಡು, ನರ ಹೋಗುವ ದಾರಿಯಲ್ಲೇ ಇದ್ದರೆ ನರಗಂಟು ಅನ್ನುವ ಕಡೆಗೆ ವಾಲುತ್ತೇವೆ. ಯಕೃತ್ತಿನ ಬಾಗಿಲಲ್ಲಿ, ಮೂತ್ರಚೀಲದ ಗೋಡೆಯಲ್ಲೂ ಹೀಗೇ ಮೋಸ ಆಗುತ್ತದೆ.

ಹೊಟ್ಟೆಯಲ್ಲಿ ಇನ್ನೊಂದನ್ನು ಮರೆಯಲೇಬಾರದು. ಕಿಡ್ನಿಯ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಕಂಡರೆ, ಅದಕ್ಕೆ ಸೂಜಿ ಮುಟ್ಟಿಸುವ ಮುಂಚೆ ಮೆಟನೆಫ್ರಿನ್ ಎಂಬ ರಕ್ತದ ಅಥವಾ ಮೂತ್ರದ ಪರೀಕ್ಷೆ ಆಗಬೇಕು. ಎನ್‌ಎಫ್ 1ರಲ್ಲಿ ಅಲ್ಲಿ ಬಿ.ಪಿ. ಏರಿಸುವ ರಸ ಬಿಡುವ ಫಿಯೋಕ್ರೊಮೊಸೈಟೋಮಾ ಎಂಬ ಗಡ್ಡೆ ಬರಬಹುದು. ಬಹುಪಾಲು ಕ್ಯಾನ್ಸರ್ ಅಲ್ಲ, ಆದರೆ ಚುಚ್ಚಿದರೆ ಬಿ.ಪಿ. ಒಮ್ಮೆಲೇ ಏರಿ ಜೀವಕ್ಕೇ ಅಪಾಯ. ಸಣ್ಣ ಕರುಳಿನಲ್ಲಿ ಬರುವ ಜಿಸ್ಟ್ ಎಂಬ ಗಡ್ಡೆಯ ಮಾತು ಬೇರೆ. ಅದನ್ನು ಎನ್‌ಎಫ್‌ನ ಗಂಟು ಅಂತ ತಳ್ಳಿಹಾಕುವಂತಿಲ್ಲ, ಸರ್ಜನ್ ನೋಡಲೇಬೇಕು.

## ಇನ್ನೂ ಆಳದ ಪ್ರಶ್ನೆಗಳು

"ಗಂಟು ಒಳ್ಳೆಯದೋ ಕೆಟ್ಟದೋ ಅಂತ ಎಂಆರ್‌ಐ ನೋಡಿಯೇ ಹೇಳೋಕೆ ಆಗುತ್ತಾ ಸರ್?"

ಧಾರವಾಡದ ಒಬ್ಬ ಕಿರಿಯ ಡಾಕ್ಟರ್ ಬರೆದು ಕೇಳಿದ್ದರು. ಪೂರ್ತಿ ಆಗುವುದಿಲ್ಲ. ಆದರೆ ಬಹಳ ದೂರದವರೆಗೆ ಹೋಗಬಹುದು.

ಒಳ್ಳೆಯ ನರಗಂಟಿನ ಗುರುತು ಗುರಿಹಲಗೆಯಂಥ ಚಿತ್ರ. ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಅಂಚು ಬಿಳಿ, ನಡು ಕಪ್ಪು. ಅಂಚಿನಲ್ಲಿ ಲೋಳೆ, ನಡುವೆ ನಾರು ಇರುವುದರಿಂದ ಹೀಗೆ. ಪ್ಲೆಕ್ಸಿಫಾರ್ಮ್ ಗಂಟನ್ನು ಅಡ್ಡ ಕೊಯ್ದ ಚಿತ್ರದಲ್ಲಿ ಇಂಥ ಗುರಿಗಳು ದ್ರಾಕ್ಷಿ ಗೊಂಚಲಿನಂತೆ ಕಾಣುತ್ತವೆ.

ಕೆಟ್ಟದಕ್ಕೆ ತಿರುಗುತ್ತಿರುವ ಗಂಟು ಈ ಗುರಿಯನ್ನು ಕಳೆದುಕೊಳ್ಳುತ್ತದೆ. ನಾನು ನಾಲ್ಕು ಸಂಗತಿ ಹುಡುಕುತ್ತೇನೆ: ಗಂಟು ದೊಡ್ಡದಾಗಿದೆಯಾ, ಕಾಂಟ್ರಾಸ್ಟ್ ಅಂಚಿನಲ್ಲೇ ಹಿಡಿದಿದೆಯಾ, ಸುತ್ತಲಿನ ಮಾಂಸದಲ್ಲಿ ಊತವಿದೆಯಾ, ಗಂಟಿನೊಳಗೆ ನೀರಿನ ಗುಳಿಗಳಿವೆಯಾ. ಎರಡಾದರೂ ಇದ್ದರೆ ಸುಮ್ಮನಿರುವುದಿಲ್ಲ. ನೀರಿನ ಓಡಾಟ ತೋರಿಸುವ ಡಿಫ್ಯೂಶನ್ ಎಂಬ ಎಂಆರ್‌ಐ ಚಿತ್ರವನ್ನೂ ಸೇರಿಸಿ ಅಂತ ಬರೆಯಿರಿ, ಕಾಂಟ್ರಾಸ್ಟ್ ಬೇಕಿಲ್ಲ, ಕೆಲವೇ ನಿಮಿಷದ ಕೆಲಸ. ಕೆಟ್ಟ ಗಂಟಿನಲ್ಲಿ ಜೀವಕೋಶಗಳು ಒತ್ತೊತ್ತಾಗಿರುವುದರಿಂದ ನೀರು ಓಡಾಡಲು ಜಾಗವಿಲ್ಲದೆ, ಆ ಓಡಾಟದ ಅಳತೆಯಾದ ಎಡಿಸಿ ಇಳಿಯುತ್ತದೆ.

ನಡುವಿನ ದರ್ಜೆಯ ಗಂಟೂ ಇದೆ ಎನ್ನುವುದು ನೆನಪಿರಲಿ. ಪೂರ್ತಿ ಒಳ್ಳೆಯದಲ್ಲ, ಇನ್ನೂ ಕ್ಯಾನ್ಸರ್ ಆಗಿಲ್ಲ. ದೊಡ್ಡ ಪ್ಲೆಕ್ಸಿಫಾರ್ಮ್ ಒಳಗೆ ಒಂದೇ ಒಂದು ದುಂಡಗಿನ, ಉಳಿದದ್ದಕ್ಕಿಂತ ಬೇರೆಯಾಗಿ ಬೆಳೆಯುವ ಗಂಟು ಕಂಡರೆ ಅದರ ಮೇಲೆ ಕಣ್ಣಿಡಿ.

"ಪೆಟ್ ಸ್ಕ್ಯಾನ್‌ನಲ್ಲಿ ಹೊಳೆದರೆ ಕ್ಯಾನ್ಸರ್ ಅಂತಲೇ ಅರ್ಥ ಅಲ್ವಾ?"

ಹಾಗಲ್ಲ. ಪೆಟ್ ಸ್ಕ್ಯಾನ್ ತೋರಿಸುವುದು ಸಕ್ಕರೆಯನ್ನು ಯಾವುದು ಜಾಸ್ತಿ ತಿನ್ನುತ್ತಿದೆ ಎನ್ನುವುದನ್ನು. ಕ್ಯಾನ್ಸರ್ ತಿನ್ನುತ್ತದೆ, ಟಿಬಿ ಗ್ರಂಥಿಯೂ ತಿನ್ನುತ್ತದೆ, ಕೆಲವು ಒಳ್ಳೆಯ ನರಗಂಟುಗಳೂ ತಿನ್ನುತ್ತವೆ. ಎಸ್‌ಯುವಿ ಅನ್ನುವ ಅಳತೆ 3.5 ದಾಟಿದರೆ ಅನುಮಾನ ಪಡಿ ಅನ್ನುವುದು ರೂಢಿ. ಆದರೆ ಆ ಗೆರೆಯ ಆಚೆ ಒಳ್ಳೆಯ ಗಂಟುಗಳೂ, ಈಚೆ ಅಪರೂಪಕ್ಕೆ ಕೆಟ್ಟವೂ ಇರುತ್ತವೆ. ಪೆಟ್‌ನ ನಿಜವಾದ ಉಪಯೋಗ ಬೇರೆ ಇದೆ. ಮೊಣಕೈಯಷ್ಟು ಉದ್ದದ ಗಂಟಿನಲ್ಲಿ ಸೂಜಿ ಎಲ್ಲಿ ಹಾಕಬೇಕು ಅಂತ ಅದು ದಾರಿ ತೋರಿಸುತ್ತದೆ. ನೋವಿಲ್ಲದ, ಬೆಳೆಯದ ಗಂಟಿಗೆ ಹೆದರಿಕೆಯಿಂದ ಪೆಟ್ ಮಾಡಿಸಬೇಡಿ. ದುಡ್ಡೂ ಹೋಗುತ್ತದೆ, ಹೊಸ ಚಿಂತೆಯೂ ಹತ್ತುತ್ತದೆ.

"ಗಂಟಿಗೆ ಸೂಜಿ ಹಾಕಿದ್ರ ಅದು ಕೆರಳಿ ಕ್ಯಾನ್ಸರ್ ಆಗತೈತಿ ಅಂತಾರ. ಖರೇ ಏನ್ರಿ?"

ಖರೆ ಅಲ್ಲ. ಸೂಜಿಯಿಂದ ಒಳ್ಳೆಯ ಗಂಟು ಕ್ಯಾನ್ಸರ್ ಆಗುವುದಿಲ್ಲ. ಈ ಮಾತು ನಂಬಿ ಬಯಾಪ್ಸಿ ತಪ್ಪಿಸಿಕೊಂಡು, ಆಮೇಲೆ ತಡವಾಗಿ ಬಂದವರನ್ನು ನೋಡಿದ್ದೇನೆ. ಅದು ನನಗೆ ಇನ್ನೂ ನೋವು ಕೊಡುತ್ತದೆ.

ಮೇಲೆ ಮೂರು ಕಡೆ ಸೂಜಿ ಬೇಡ ಅಂದೆ. ಒಂದು ಕಣ್ಣಿನ ನರದ ಗಡ್ಡೆ, ಒಂದು ನೀರಿನ ಚೀಲ, ಇನ್ನೊಂದು ಪರೀಕ್ಷೆಯಾಗದ ಅಡ್ರಿನಲ್ ಗಡ್ಡೆ. ಇವನ್ನು ಬಿಟ್ಟು, ನಿಜವಾಗಿ ಅನುಮಾನ ಬಂದ ಕಡೆ ಬಯಾಪ್ಸಿಯೇ ದಾರಿ. ಆದರೆ ಸ್ಕ್ಯಾನ್ ನೋಡುತ್ತಾ, ಅನುಮಾನದ ಜಾಗಕ್ಕೇ ಸರಿಯಾಗಿ ಹಾಕಬೇಕು, ಸಣ್ಣ ಸೂಜಿಗಿಂತ ತುಣುಕು ತೆಗೆಯುವ ಸೂಜಿ ಒಳ್ಳೆಯದು. ನರದ ಗಂಟಾದ್ದರಿಂದ ಜುಮ್ಮು, ನೋವು ಆಗಬಹುದು ಅಂತ ಮೊದಲೇ ತಿಳಿಸಬೇಕು. ಮುಂದೆ ಆಪರೇಷನ್ ಮಾಡುವ ಸರ್ಜನ್ ಜೊತೆ ಮಾತಾಡಿಯೇ ಮಾಡಬೇಕು.

"ವರ್ಷಾ ವರ್ಷಾ ಮೈಯೆಲ್ಲಾ ಸ್ಕ್ಯಾನ್ ಮಾಡಿಸ್ಕೊಂಡ್ರ ಚಲೋ ಅಲ್ಲೇನ್ರಿ?"

ಬೇಡ. ತೊಂದರೆ ಇಲ್ಲದ ಮಗುವಿಗೆ ಸುಮ್ನೆ ತಲೆ ಎಂಆರ್‌ಐ ಕೂಡ ಬೇಕಿಲ್ಲ. ಸಣ್ಣ ಮಕ್ಕಳಿಗೆ ಅದಕ್ಕೆ ನಿದ್ದೆಯ ಔಷಧಿ ಕೊಡಬೇಕಾಗುತ್ತದೆ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ, ಬಿ.ಪಿ., ಬೆನ್ನು ವಾಲಿದೆಯಾ ಅಂತ ನೋಡುವುದು, ಗಂಟುಗಳನ್ನು ಕೈಯಿಂದ ಮುಟ್ಟಿ ನೋಡುವುದು, ಇವು ಸ್ಕ್ಯಾನಿಗಿಂತ ಮುಖ್ಯ. ಸಿಟಿಯಲ್ಲಿ ಕಿರಣ ಇರುತ್ತದೆ, ಹಾಗಾಗಿ ಮಕ್ಕಳಿಗೆ ಆದಷ್ಟು ಎಂಆರ್‌ಐ ಅಥವಾ ಅಲ್ಟ್ರಾಸೌಂಡ್. 16ರಿಂದ 20 ವರ್ಷದ ನಡುವೆ ಒಮ್ಮೆ ಇಡೀ ಮೈಯ ಎಂಆರ್‌ಐ ಮಾಡಿಸಿ ಇಟ್ಟುಕೊಂಡರೆ, ಒಳಗೆ ಎಷ್ಟು ಗಂಟಿವೆ ಎಂಬ ಲೆಕ್ಕ ಸಿಗುತ್ತದೆ. ಮುಂದೆ ಹೋಲಿಸಲು ಅದು ಬಹಳ ಸಹಾಯ.

"ಹಂಗಾದ್ರ ಯಾವಾಗ ಓಡಿ ಬರಬೇಕ್ರಿ? ಎಲ್ಲಿಗೆ ಬರಬೇಕ್ರಿ?"

ಹರೆಯದಲ್ಲಿ, ಬಸುರಿಯಲ್ಲಿ ಚರ್ಮದ ಗಂಟು ಹೆಚ್ಚಾಗುವುದು ರೂಢಿ. ಅದಕ್ಕೆ ಓಡಿ ಬರಬೇಕಿಲ್ಲ. ಆದರೆ ಒಂದು ಗಂಟು ಉಳಿದವುಗಳನ್ನು ಬಿಟ್ಟು ತಾನೊಂದೇ ವಾರಗಳಲ್ಲಿ ಬೆಳೆದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಶುರುವಾದರೆ, ಮೆತ್ತಗಿದ್ದದ್ದು ಕಲ್ಲಿನಂತಾದರೆ, ಕೈಯೋ ಕಾಲೋ ಸೋತು ಬಂದರೆ, ಮೂತ್ರ ಹಿಡಿತ ತಪ್ಪಿದರೆ ಅಂದೇ ಹೊರಡಿ. ಸುಗ್ಗಿ ಮುಗಿಯಲಿ, ಜಾತ್ರೆ ಮುಗಿಯಲಿ ಅನ್ನಬೇಡಿ.

ಗದಗ, ಹಾವೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಹುಬ್ಬಳ್ಳಿಯಲ್ಲಿ ನೀವು ಕಿಮ್ಸ್ ಅಂತ ಕರೆಯುವ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇದ್ದರೆ ಜೊತೆಗಿರಲಿ.

ಹಳೇ ಫಿಲ್ಮ್‌ಗಳನ್ನು ತಪ್ಪದೆ ತನ್ನಿ. ರಿಪೋರ್ಟ್ ಹಾಳೆ ಸಾಲದು, ಫಿಲ್ಮೇ ಬೇಕು, ಸಿಡಿ ಕೊಟ್ಟಿದ್ದರೆ ಸಿಡಿ. ಎರಡು ವರ್ಷದ ಹಿಂದೆಯೂ ಗಂಟು ಅಷ್ಟೇ ಇತ್ತು ಅಂತ ಒಂದು ಹಳೇ ಫಿಲ್ಮ್ ತೋರಿಸಿದರೆ ಎಷ್ಟೋ ಸಲ ಪೆಟ್ ಸ್ಕ್ಯಾನೂ ಬೇಡ, ಸೂಜಿಯೂ ಬೇಡ. ಮಡಿಚಬೇಡಿ, ಅಟ್ಟದ ಮೇಲೆ ಬಿಸಿಲು ಬೀಳುವ ಕಡೆ ಇಡಬೇಡಿ. ಗಾದಿಯ ಕೆಳಗೆ ಚಪ್ಪಟೆಯಾಗಿ ಇಟ್ಟರೆ ಚೆನ್ನಾಗಿರುತ್ತವೆ.